ಒಂದೇ ತಾರೀಖು: ತಾನಾಗಿ ಬಂದದ್ದೋ, ಆರಿಸಿಕೊಂಡದ್ದೋ?

ಬೆಳಿಗ್ಗೆ ಫೋನ್ ಕೈಗೆತ್ತಿಕೊಂಡರೆ ‘ಇತಿಹಾಸದಲ್ಲಿ ಈ ದಿನ’ ಅನ್ನುವ ಪೋಸ್ಟ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಯಾರೋ ರಾಜ ಪಟ್ಟವೇರಿದ್ದು, ಯಾವುದೋ ಹಡಗು ಮುಳುಗಿದ್ದು, ಇಬ್ಬರು ನಟರ ಹುಟ್ಟುಹಬ್ಬ, ಒಬ್ಬ ವಿಜ್ಞಾನಿಯ ಸಾವು, ಎಲ್ಲವೂ ಒಂದರ ಕೆಳಗೊಂದು. ನಾನು ಇವನ್ನು ಬಿಡದೆ ಓದುವವನು. ಆದರೆ ಬಹಳ ದಿನದಿಂದ ಒಂದು ಮಾತು ಹೇಳಬೇಕು ಅನ್ನಿಸುತ್ತಿತ್ತು. ತಾನಾಗಿ ಆ ತಾರೀಖಿಗೆ ಬಂದು ಬಿದ್ದ ಸಂಗತಿಯನ್ನೂ, ‘ಇದೇ ದಿನ ಆಗಬೇಕು’ ಎಂದು ಯಾರೋ ಪಟ್ಟು ಹಿಡಿದು ಆರಿಸಿಕೊಂಡ ಸಂಗತಿಯನ್ನೂ ಈ ಪಟ್ಟಿಗಳು ಒಂದೇ ದಾರಕ್ಕೆ ಪೋಣಿಸಿಬಿಡುತ್ತವೆ.

ಫೆಬ್ರವರಿ 12ನ್ನೇ ನೋಡಿ. 1809ರಲ್ಲಿ ಇದೇ ದಿನ ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದರು, ಅಬ್ರಹಾಂ ಲಿಂಕನ್ ಅಮೆರಿಕದ ಕೆಂಟಕಿಯಲ್ಲಿ ಹುಟ್ಟಿದರು. ಒಬ್ಬರದು ಅನುಕೂಲಸ್ಥ ವೈದ್ಯರ ಮನೆ, ಇನ್ನೊಬ್ಬರದು ಮರದ ದಿಮ್ಮಿ ಜೋಡಿಸಿ ಕಟ್ಟಿದ ಒಂಟಿ ಕೋಣೆಯ ಗುಡಿಸಲು. ಡಾರ್ವಿನ್ ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಲಿಂಕನ್ ತಾಯಿಯನ್ನು ಕಳೆದುಕೊಂಡಾಗ ಒಂಬತ್ತು ವರ್ಷ. ಇಬ್ಬರೂ ಎಂದೂ ಭೇಟಿಯಾಗಲಿಲ್ಲ. ಇದು ಅಪ್ಪಟ ಕಾಕತಾಳೀಯ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಲೋಕದಲ್ಲಿ 800 ಕೋಟಿಗೂ ಹೆಚ್ಚು ಜನರಿದ್ದೇವೆ. ಯಾವ ದಿನ ತೆಗೆದುಕೊಂಡರೂ ಸುಮಾರು ಎರಡು ಕೋಟಿ ಜನರ ಹುಟ್ಟುಹಬ್ಬ ಇದ್ದೇ ಇರುತ್ತದೆ.

ಅವರಿಬ್ಬರ ನಡುವೆ ನಿಜವಾದ ನಂಟು ಬೇಕಿದ್ದರೆ ಅದು ಬೇರೆ ಕಡೆ ಇದೆ. ಬ್ರೆಜಿಲ್‌ನ ಪೆರ್ನಾಂಬುಕೋದಲ್ಲಿ ಒಂದು ಮನೆಯ ಪಕ್ಕ ಹಾದುಹೋಗುವಾಗ ಡಾರ್ವಿನ್‌ಗೆ ಒಳಗಿನಿಂದ ನರಳಾಟ ಕೇಳಿಸಿತು. ಯಾರೋ ಗುಲಾಮನನ್ನು ಹಿಂಸಿಸುತ್ತಿದ್ದಾರೆಂದು ಅವರಿಗೆ ಅನ್ನಿಸಿತು. ತಡೆಯಲು ತಮ್ಮ ಕೈಲಾಗದು ಎಂಬುದೂ ಗೊತ್ತಿತ್ತು. ಎಷ್ಟೋ ವರ್ಷಗಳ ಮೇಲೂ, ದೂರದಲ್ಲಿ ಯಾರಾದರೂ ಚೀರಿದರೆ ಆ ಮನೆಯೇ ನೆನಪಾಗುತ್ತದೆ ಎಂದು ತಮ್ಮ ಪ್ರವಾಸದ ಪುಸ್ತಕದಲ್ಲಿ ಬರೆದರು. ಅಮೆರಿಕದ ಅಂತರ್ಯುದ್ಧ ಶುರುವಾದಾಗ, 1861ರಲ್ಲಿ, ಸಸ್ಯವಿಜ್ಞಾನಿ ಗೆಳೆಯ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಉತ್ತರದ ರಾಜ್ಯಗಳು ಗುಲಾಮಗಿರಿಯ ವಿರುದ್ಧವೇ ಸಮರ ಸಾರಲಿ ಎಂದು ಹಾರೈಸಿದರು. 1863ರ ಜನವರಿ 1ರಂದು, ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆಗೆ ಸಹಿ ಹಾಕಿದರು. ಇವರಿಬ್ಬರನ್ನು ಒಟ್ಟಿಗೆ ನೆನೆಯಲು ನನಗೆ ಇದು ಸಾಕು, ಹುಟ್ಟಿದ ತಾರೀಖು ಬೇಡ.

ಅದೇ ಫೆಬ್ರವರಿ 12ರ ಪಟ್ಟಿಯಲ್ಲಿ ಇನ್ನೊಂದು ಸಾಲಿರುತ್ತದೆ: 1909, ಅಮೆರಿಕದ ಕರಿಯರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಸ್ಥಾಪನೆ. ಇದು ಕಾಗೆ–ಕೊಂಬೆಯ ಕಥೆ ಅಲ್ಲವೇ ಅಲ್ಲ. 1908ರ ಆಗಸ್ಟ್‌ನಲ್ಲಿ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬಿಳಿಯರ ಗುಂಪು ಕರಿಯರ ಮನೆಗಳಿಗೆ ಬೆಂಕಿಯಿಟ್ಟು ಕೊಲೆ ಮಾಡಿತು. ಲಿಂಕನ್ ಬಾಳಿದ ಊರು ಅದು, ಅವರ ಸಮಾಧಿ ಇರುವುದೂ ಅಲ್ಲೇ. ಅದನ್ನು ಕಂಡು ಕುದಿದವರು ಸಂಘಟನೆಯ ಕರೆಯನ್ನು ಹೊರಡಿಸಲು ಬೇಕೆಂದೇ ಲಿಂಕನ್ನರ ನೂರನೇ ಹುಟ್ಟುಹಬ್ಬವನ್ನು ಆರಿಸಿಕೊಂಡರು. ಆ ತಾರೀಖೇ ಒಂದು ಪ್ರಶ್ನೆಯಾಗಿತ್ತು: ಲಿಂಕನ್ ಸಾರಿದ ವಿಮೋಚನೆ ಎಲ್ಲಿಗೆ ಬಂತು? ಪಟ್ಟಿಯಲ್ಲಿ ಮಾತ್ರ ಅದು ಡಾರ್ವಿನ್ ಹುಟ್ಟುಹಬ್ಬದ ಕೆಳಗೆ ಇನ್ನೊಂದು ಸಾಲು.

ಜನವರಿ 26 ಇನ್ನೂ ಗಾಢವಾದದ್ದು. ಲಾಹೋರ್ ಅಧಿವೇಶನದ ಗೊತ್ತುವಳಿಯ ನಂತರ 1930ರ ಆ ದಿನ ಭಾರತದ ಜನ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ತೆಗೆದುಕೊಂಡರು. ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ಕ್ಕೆ. ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಗಿತ್ತು, ಕೆಲವು ವಿಧಿಗಳು ಅಂದೇ ಜಾರಿಗೂ ಬಂದವು. ಆದರೂ ಉಳಿದದ್ದಕ್ಕೆ ಎರಡು ತಿಂಗಳು ಕಾದರು, ಆ ಹಳೆಯ ಪ್ರತಿಜ್ಞೆಯ ದಿನ ಬರಲಿ ಎಂದು. ಅತ್ತ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1788ರ ಜನವರಿ 26ಕ್ಕೆ ಬ್ರಿಟಿಷ್ ಬಾವುಟ ಹಾರಿತ್ತು. ಒಂದು ಕಡೆ ವಸಾಹತಿನ ಮೊದಲ ದಿನ, ಇನ್ನೊಂದು ಕಡೆ ಗಣರಾಜ್ಯದ ಮೊದಲ ದಿನ. ಇವೆರಡೂ ಕೂಡಿಬಂದದ್ದು ಆಕಸ್ಮಿಕ. ಆದರೆ ಬಾವುಟ ಹಾರಿ 150 ವರ್ಷ ತುಂಬಿದ 1938ರಲ್ಲಿ, ಅದೇ ದಿನ, ಅದೇ ಸಿಡ್ನಿಯಲ್ಲಿ, ಅಲ್ಲಿನ ಮೂಲನಿವಾಸಿಗಳು ಶೋಕದಿನ ಆಚರಿಸಿದ್ದು ಆಕಸ್ಮಿಕ ಅಲ್ಲ.

ಇನ್ನು ಕೆಲವು ಕಡೆ ತಾರೀಖೇ ಗಟ್ಟಿಯಿಲ್ಲ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದರು ಎಂದು ಪ್ರತಿ ವರ್ಷ ಓದುತ್ತೇವೆ. ಗೆಲಿಲಿಯೋ ಸತ್ತದ್ದು 1642ರ ಜನವರಿ 8, ಇಂದು ನಾವು ಬಳಸುವ ಹೊಸ ಕ್ಯಾಲೆಂಡರ್ ಲೆಕ್ಕ. ನ್ಯೂಟನ್ ಹುಟ್ಟಿದ 1642ರ ಡಿಸೆಂಬರ್ 25 ಇಂಗ್ಲೆಂಡಿನಲ್ಲಿ ಆಗಿನ್ನೂ ಬಳಕೆಯಲ್ಲಿದ್ದ ಹಳೆಯ ಕ್ಯಾಲೆಂಡರ್ ಲೆಕ್ಕ. ಹೊಸ ಲೆಕ್ಕದಲ್ಲಿ ಅದು 1643ರ ಜನವರಿ 4. ವರ್ಷವೇ ಬೇರೆ.

ಪೋಸ್ಟ್ ಹಾಕುವವರಲ್ಲಿ ನನ್ನ ಕೋರಿಕೆ ಇಷ್ಟೇ: ಹತ್ತು ಸಾಲು ಬೇಡ, ಎರಡು ಹಾಕಿ. ಆರಿಸಿಕೊಂಡ ದಿನವಾಗಿದ್ದರೆ ಆರಿಸಿದವರು ಯಾರು, ಯಾಕೆ ಅನ್ನುವುದನ್ನು ಒಂದು ವಾಕ್ಯದಲ್ಲಿ ಸೇರಿಸಿ. ನಾನಂತೂ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಪ್ರತಿ ಘಟನೆಯ ಪಕ್ಕ ಪೆನ್ಸಿಲ್‌ನಲ್ಲಿ ‘ಕಾ’ ಅಥವಾ ‘ಆ’ ಎಂದು ಬರೆಯುತ್ತೇನೆ, ಕಾಕತಾಳೀಯ ಅಥವಾ ಆರಿಸಿದ್ದು.

ಜುಲೈ 4ರ ಪುಟದಲ್ಲಿ ಮಾತ್ರ ಒಂದು ಜಾಗ ಇನ್ನೂ ಖಾಲಿ ಇದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದೇ, ಅದಕ್ಕೆ ಸಹಿ ಹಾಕಿದ್ದ ಥಾಮಸ್ ಜೆಫರ್ಸನ್, ಜಾನ್ ಆಡಮ್ಸ್ ಇಬ್ಬರೂ ತೀರಿಕೊಂಡರು. ಒಬ್ಬರಿಗೆ 83, ಒಬ್ಬರಿಗೆ 90. ಹಿಂದಿನ ರಾತ್ರಿ ಹಾಸಿಗೆ ಹಿಡಿದಿದ್ದ ಜೆಫರ್ಸನ್ ಎಚ್ಚರವಾದಾಗ ಪಕ್ಕದಲ್ಲಿದ್ದವರನ್ನು ಕೇಳಿದ್ದು ಒಂದೇ ಮಾತು: ನಾಲ್ಕನೇ ತಾರೀಖು ಆಯಿತಾ?