ಮತ್ತೆ ಮುದ್ದೆಗೆ ಮರಳಿದರೆ ಶುಗರ್ ದೂರ ಇಡಬಹುದಾ?

ಪರ: ತಟ್ಟೆ ಬದಲಾದರೆ ಬಾಯಿಯೂ ಬದಲಾಗುತ್ತದೆ

ಅರಸೀಕೆರೆ ಕಡೆ ನಮ್ಮ ಮನೆಯಲ್ಲಿ ಮುದ್ದೆಗೆ ‘ಹಿಟ್ಟು’ ಅಂತಲೇ ಹೆಸರು. ಅಜ್ಜಿ ಇದ್ದಷ್ಟು ದಿನ ಎರಡು ಹೊತ್ತೂ ಹಿಟ್ಟೇ. ಅನ್ನ ಏನಿದ್ದರೂ ಹಬ್ಬಕ್ಕೆ, ನೆಂಟರು ಬಂದಾಗ. ಆಮೇಲೆ ನಿಧಾನಕ್ಕೆ ಎಲ್ಲ ತಿರುವುಮುರುವಾಯಿತು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ನಡುವೆ ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ, ಅದರ ಜೊತೆ ಬನ್ನು, ಬೆಣ್ಣೆ ಬಿಸ್ಕತ್ತು. ಬೆಂಗಳೂರಿನ ಎಷ್ಟೋ ಅಯ್ಯಂಗಾರ್ ಬೇಕರಿಯವರು ನಮ್ಮ ಜಿಲ್ಲೆಯವರೇ, ಅವರ ಕೈರುಚಿ ನನಗೂ ಇಷ್ಟ. ಆದರೆ ಅದು ದಿನಾ ತಿನ್ನುವಂಥದ್ದಲ್ಲ.

ಅಪ್ಪನಿಗೆ 47ನೇ ವಯಸ್ಸಿಗೆ ಶುಗರ್ ಬಂತು. ಅಮ್ಮ ಅವತ್ತೇ ಅಟ್ಟದಿಂದ ಹಿಟ್ಟಿನ ಕೋಲು ಇಳಿಸಿದರು.

ರಾಗಿಯನ್ನು ಅಕ್ಕಿಯ ಹಾಗೆ ಪಾಲಿಶ್ ಮಾಡಲ್ಲ, ಸಿಪ್ಪೆ ಸಮೇತ ಬೀಸುತ್ತಾರೆ. ಅದಕ್ಕೇ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇರುತ್ತದೆ. ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂ ಸಿಕ್ಕರೆ ಹೆಚ್ಚು. ಕ್ಯಾಲ್ಸಿಯಂ ಅಂತೂ 350 ಮಿಲಿಗ್ರಾಂ ಹತ್ತಿರ.

ಆದರೆ ಮುದ್ದೆಯ ದೊಡ್ಡ ಗುಣ ಬೇರೆಯೇ ಇದೆ. ಅದು ತಟ್ಟೆಗೆ ಒಂಟಿಯಾಗಿ ಬರಲ್ಲ. ಅನ್ನಕ್ಕೆ ತಿಳಿಸಾರು ಇದ್ದರೂ ಊಟ ಮುಗಿದುಹೋಗುತ್ತದೆ, ಮುದ್ದೆಗೆ ಸೊಪ್ಪು ಬೇಕು, ಕಾಳು ಬೇಕು. ಅಮ್ಮ ಬಸ್ಸಾರು ಮಾಡುವುದನ್ನೇ ನೋಡಿ. ಹೆಸರುಕಾಳು, ದಂಟಿನ ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತಾರೆ. ಬೆಂದದ್ದರಲ್ಲೇ ಒಂದು ಹಿಡಿ ತೆಗೆದು ಕಾಯಿ, ಮೆಣಸು, ಬೆಳ್ಳುಳ್ಳಿ ಜೊತೆ ರುಬ್ಬಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಊಟದಲ್ಲಿ ಎಷ್ಟು ಸೊಪ್ಪು, ಎಷ್ಟು ಕಾಳು ಹೊಟ್ಟೆ ಸೇರಿತು ಅಲ್ವಾ? ಚಳಿಗಾಲಕ್ಕೆ ಅವರೆಕಾಳು, ಬೇರೆ ದಿನ ಹುರುಳಿಕಾಳು.

ಅಪ್ಪ ಮಾತ್ರೆ ಬಿಟ್ಟಿಲ್ಲ, ಬಿಡುವುದೂ ಬೇಡ. ಆದರೆ ಸಂಜೆ ನಾಲ್ಕಕ್ಕೆ ‘ಹೊಟ್ಟೆ ಚುರ್ ಅಂತಿದೆ’ ಅಂತ ಬೇಕರಿ ಕಡೆ ಹೆಜ್ಜೆ ಹಾಕುವುದು ನಿಂತಿದೆ. ಶುಗರ್ ಬರುವ ಮೊದಲೇ ಹೀಗೆ ತಿಂದಿದ್ದರೆ ಅನ್ನುವ ಸಂಕಟ ನನ್ನನ್ನು ಬಿಟ್ಟಿಲ್ಲ.

ವಿರೋಧ: ಕೀಳುವುದಕ್ಕೆ ಬೆಟ್ಟ ಎಲ್ಲಿದೆ?

‘ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟಂ’ ಅನ್ನುವ ಮಾತು ಕೇಳಿಯೇ ಬೆಳೆದವಳು ನಾನು. ಮುದ್ದೆ ಅಂದರೆ ನನಗೂ ಪ್ರಾಣ. ಆದರೆ ಆ ಮಾತನ್ನೇ ನಂಬಿ ಕೂತು ನಮ್ಮ ಚಿಕ್ಕಮ್ಮ ಕಾಲಿನ ಒಂದು ಬೆರಳು ಕಳೆದುಕೊಂಡರು.

ಹಾಸನದಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಅವರ ಮನೆ. ‘ನಾವು ಮುದ್ದೆ ತಿನ್ನೋರು ಕಣೇ, ನಮಗೆಲ್ಲಿ ಬರುತ್ತೆ ಶುಗರು’ ಅಂತ ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪರೀಕ್ಷೆ ಉಚಿತ. ಆಶಾ ಕಾರ್ಯಕರ್ತೆ ಎರಡು ಸಲ ಬಂದು ಕರೆದಿದ್ದರು. ಇವರು ಹೋಗಲಿಲ್ಲ. ಆಮೇಲೆ ಚಪ್ಪಲಿ ಕಚ್ಚಿ ಗಾಯ ಆಯಿತು. ಒಂದೂವರೆ ತಿಂಗಳಾದರೂ ಮಾಯಲಿಲ್ಲ. ನೋವೂ ಇರಲಿಲ್ಲ, ಮೋಸ ಆಗಿದ್ದೇ ಅಲ್ಲಿ. ಶುಗರ್ ಬಹಳ ಕಾಲ ಜಾಸ್ತಿ ಇದ್ದರೆ ಪಾದದ ನರಗಳು ಕೆಟ್ಟು, ಮುಟ್ಟಿದರೂ ಗೊತ್ತಾಗಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ನಾನೇ ಗ್ಲೂಕೋಮೀಟರ್ ಹಿಡಿದು ಕೂತೆ. ಊಟಕ್ಕೆ ಮುಂಚೆ 124 ಇತ್ತು. ಎಂದಿನಂತೆ ಎರಡು ಮುದ್ದೆ ತಿಂದರು. ಎರಡು ಗಂಟೆ ಬಿಟ್ಟು ನೋಡಿದರೆ 231. ‘ಮಿಷನ್ನೇ ಕೆಟ್ಟಿದೆ’ ಅಂದರು. ಮಿಷನ್ ಸರಿಯಾಗೇ ಇತ್ತು. 100 ಗ್ರಾಂ ಬಿಳಿ ಅಕ್ಕಿಯಲ್ಲಿ 78 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇದ್ದರೆ, ಅಷ್ಟೇ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂ. ನುಣ್ಣಗೆ ಬೀಸಿದಷ್ಟೂ ಅದು ಬೇಗ ಅರಗಿ ರಕ್ತಕ್ಕೆ ಸೇರುತ್ತದೆ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಅಂತೂ ಕೇಳಲೇಬೇಡಿ.

ಅಜ್ಜಿ ಎರಡು ಮುದ್ದೆ ತಿಂದು ಕಳೆ ಕೀಳೋಕೆ ಹೋಗುತ್ತಿದ್ದರು. ಬಾವಿಯಿಂದ ನೀರು ಸೇದಿ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. ಮುದ್ದೆಯ ಅಳತೆ ಆ ದುಡಿಮೆಗೆ ಕಟ್ಟಿದ್ದು. ದುಡಿಮೆ ಹೋಯಿತು, ಅಳತೆ ಉಳಿಯಿತು. ನಮ್ಮ ಚಿಕ್ಕಮ್ಮ ಊಟ ಮಾಡಿ ಟಿವಿ ಮುಂದೆ ಕೂರುತ್ತಿದ್ದರು, ಹಾಲು ತರೋಕೂ ಮಗನ ಸ್ಕೂಟರೇ.

2023ರಲ್ಲಿ ಹೊರಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಅಂಚಿನಲ್ಲಿದ್ದಾರೆ. ಅಂಚಿನಲ್ಲಿರುವುದು ರಕ್ತ ಪರೀಕ್ಷೆ ಮಾಡಿಸದೆ ತಿಳಿಯಲ್ಲ. ಮೈ ತೆಳ್ಳಗಿದ್ದರೂ ನಮ್ಮವರಿಗೆ ಹೊಟ್ಟೆಯಲ್ಲಿ ಬೊಜ್ಜು ಕೂರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ಆಗಬೇಕು. ಬೀದಿಯ ಟೈಲರ್ ಹತ್ತಿರ ಇರುವ ಟೇಪು ಸಾಕು ಇದಕ್ಕೆ.

ಈಗ ಚಿಕ್ಕಮ್ಮನಿಗೆ ಕಿತ್ತಳೆ ಹಣ್ಣಿನಷ್ಟು ಒಂದೇ ಮುದ್ದೆ, ಅದಕ್ಕೂ ಮುಂಚೆ ಒಂದು ಬಟ್ಟಲು ಪಲ್ಯ. ಗಾಯ ಪೂರ್ತಿ ಮಾಯ್ದ ಮೇಲೆ ಡಾಕ್ಟರು ನಡೆಯಬಹುದು ಅಂದರು. ವಾರಕ್ಕೆ ಒಟ್ಟು 150 ನಿಮಿಷ ಅಂತ ಲೆಕ್ಕ ಹಾಕಿ ಸಂಜೆ ಇಬ್ಬರೂ ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕುತ್ತೇವೆ. ರಾತ್ರಿ ಮಲಗುವ ಮುಂಚೆ ಅವರು ಅಂಗಾಲಿಗೆ ಕನ್ನಡಿ ಹಿಡಿದು ನೋಡಿಕೊಳ್ಳುತ್ತಾರೆ. ನಾನು ಅಲ್ಲೇ ಇದ್ದರೆ ಕರೆಯುತ್ತಾರೆ, ‘ಬಾರೇ, ಇಲ್ಲಿ ಏನಾದ್ರೂ ಕೆಂಪಗಿದೆಯಾ ನೋಡು.’