ಸತ್ಯಾಂಶ: ಚಿನ್ನ ಇದ್ದಷ್ಟೇ ನೋಟು ಛಾಪಿಸಬೇಕಾ?

"ದೇಶದ ಬಳಿ ಎಷ್ಟು ಚಿನ್ನ ಇದೆಯೋ ಅಷ್ಟೇ ನೋಟು ಛಾಪಿಸಬಹುದು" ಎಂಬ ಫಾರ್ವರ್ಡ್ ಆಗಾಗ ಸುತ್ತುತ್ತಿರುತ್ತದೆ. ಇದು ಪೂರ್ತಿ ಕಟ್ಟುಕತೆಯೇನಲ್ಲ, ಹಳೇ ಕಾಲದ ಮಾತು ಅಷ್ಟೇ.

1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಒಂದು ಏರ್ಪಾಡು ಮಾಡಿಕೊಂಡವು. ಬೇರೆ ಕರೆನ್ಸಿಗಳ ಬೆಲೆ ಡಾಲರ್ ಲೆಕ್ಕದಲ್ಲಿ, ಡಾಲರ್‌ ಬೆಲೆ ಚಿನ್ನದ ಲೆಕ್ಕದಲ್ಲಿ: ಒಂದು ಔನ್ಸ್‌ಗೆ (ಸುಮಾರು 31 ಗ್ರಾಂ) 35 ಡಾಲರ್. ಆಗಲೂ ಡಾಲರ್ ಕೊಟ್ಟು ಅಮೆರಿಕದಿಂದ ಚಿನ್ನ ಪಡೆಯುವ ಅವಕಾಶ ಇದ್ದದ್ದು ಬೇರೆ ದೇಶಗಳ ಸರ್ಕಾರ, ಕೇಂದ್ರ ಬ್ಯಾಂಕುಗಳಿಗೆ ಮಾತ್ರ. ಜನಸಾಮಾನ್ಯರಿಗಲ್ಲ. ವರ್ಷ ಕಳೆದಂತೆ ಬೇರೆ ದೇಶಗಳ ಕೈಲಿದ್ದ ಡಾಲರ್ ಜಾಸ್ತಿಯಾಯಿತು, ಅದಕ್ಕೆ ಸಾಕಾಗುವಷ್ಟು ಚಿನ್ನ ಅಮೆರಿಕದ ಬಳಿ ಉಳಿಯಲಿಲ್ಲ. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಈ ವಿನಿಮಯವನ್ನೇ ನಿಲ್ಲಿಸಿದರು. ತಾತ್ಕಾಲಿಕ ಎಂದಿದ್ದರು, ಮತ್ತೆ ಶುರುವಾಗಲೇ ಇಲ್ಲ. 1978ರಿಂದ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ನಿಯಮದ ಪ್ರಕಾರ ಸದಸ್ಯ ದೇಶಗಳು ತಮ್ಮ ಕರೆನ್ಸಿಯ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಹಾಗೇ ಇಲ್ಲ.

ಹಾಗಾದರೆ ಇಷ್ಟೊಂದು ಚಿನ್ನ ಯಾಕೆ ಇಟ್ಟುಕೊಳ್ಳುತ್ತಾರೆ? ಕಷ್ಟಕಾಲಕ್ಕೆ ಬೇಕಲ್ವಾ, ಅದಕ್ಕೆ. ಅಮೆರಿಕದ ಬಳಿ ಈಗಲೂ 8,100 ಟನ್‌ಗಿಂತ ಜಾಸ್ತಿ ಇದೆ. ತಮಾಷೆ ಎಂದರೆ, ಸರ್ಕಾರಿ ಲೆಕ್ಕದಲ್ಲಿ ಅದರ ಬೆಲೆ ಔನ್ಸ್‌ಗೆ 42.22 ಡಾಲರ್. ಅದು 1973ರ ದರ! ಕೆನಡಾ ಅಂತೂ 2016ರ ಹೊತ್ತಿಗೆ ತನ್ನ ಚಿನ್ನವನ್ನೆಲ್ಲ ಬಹುತೇಕ ಮಾರಿಬಿಟ್ಟಿತು. ಅದರ ಕರೆನ್ಸಿಗೆ ಏನೂ ಆಗಲಿಲ್ಲ.

ಹಾಗಂತ ಸುಮ್ನೆ ಬೇಕಾದಷ್ಟು ಛಾಪಿಸುವ ಹಾಗೂ ಇಲ್ಲ. ಸರಕು ಅಷ್ಟೇ ಇದ್ದು ಹಣ ಮಾತ್ರ ಹೆಚ್ಚಿದರೆ ಬೆಲೆ ಏರುತ್ತದೆ. 2009ರಲ್ಲಿ ಜಿಂಬಾಬ್ವೆ 100 ಲಕ್ಷ ಕೋಟಿ ಜಿಂಬಾಬ್ವೆ ಡಾಲರ್ ಮುಖಬೆಲೆಯ ಒಂದೇ ನೋಟು ಹೊರತಂದಿತ್ತು. ಅದೇ ವರ್ಷ ಆ ಕರೆನ್ಸಿಯನ್ನೇ ಕೈಬಿಡಬೇಕಾಯಿತು.