ಕಡ್ಡಾಯ ಮಾಡಿ, ಆದರೆ ಮಕ್ಕಳಿಗಲ್ಲ

ಶಾಲೆಗಳಲ್ಲಿ ಕಸದ ಮರುಬಳಕೆ ಕಡ್ಡಾಯ ಆಗಬೇಕಾ ಅಂತ ಕೇಳಿದರೆ ನನ್ನ ಉತ್ತರ ಹೌದು. ಆದರೆ ಆ ಕಡ್ಡಾಯ ಆಡಳಿತ ಮಂಡಳಿಗೆ ಇರಲಿ, ಮಕ್ಕಳಿಗೆ ಬೇಡ.

ಈಗ ನಡೆಯುತ್ತಿರುವುದು ಪೂರ್ತಿ ಉಲ್ಟಾ. ವರ್ಷಕ್ಕೊಮ್ಮೆ ‘ಕಸದಿಂದ ರಸ’ ಸ್ಪರ್ಧೆ ಇಡುತ್ತಾರೆ. ರಾತ್ರಿ ಊಟದ ಹೊತ್ತಿಗೆ ಮಗು "ನಾಳೆ ಖಾಲಿ ಬಾಟಲಿ ಬೇಕು" ಅನ್ನುತ್ತದೆ. ಮನೆಯಲ್ಲಿ ಇರುವುದಿಲ್ಲ. ಅಪ್ಪ ಅಂಗಡಿಗೆ ಓಡಿ ಕೂಲ್‌ಡ್ರಿಂಕ್ಸ್ ತರುತ್ತಾರೆ, ಎಲ್ಲರೂ ಸೇರಿ ಕುಡಿದು ಖಾಲಿ ಮಾಡುತ್ತಾರೆ. ಅದಕ್ಕೆ ಬಣ್ಣ, ಗಮ್, ಚಮಕಿ ಮೆತ್ತಿದರೆ ಹೂದಾನಿ ರೆಡಿ. ಹಾಗೇ ಬಿಟ್ಟಿದ್ದರೆ ಗುಜರಿಯವರು ತಗೊಳ್ಳುತ್ತಿದ್ದರು. ಈಗ ಅವರೂ ಮುಟ್ಟುವುದಿಲ್ಲ. (ಬಹುಮಾನ ಅಮ್ಮನಿಗೆ ಸಲ್ಲಬೇಕಿತ್ತು, ಅದು ಬೇರೆ ಮಾತು.)

ಅದೇ ದಿನ ಆ ಶಾಲೆಯ ಹಿಂದುಗಡೆ ಹೋಗಿ ನೋಡಿ. ಊಟದಲ್ಲಿ ಮಿಕ್ಕ ಅನ್ನ, ಪೆನ್ಸಿಲ್ ಹೊಟ್ಟು, ಪ್ರಶ್ನೆಪತ್ರಿಕೆ, ಚಿಪ್ಸ್ ಪ್ಯಾಕೆಟ್ ಎಲ್ಲ ಒಂದೇ ಡ್ರಮ್ಮಿನಲ್ಲಿ. ಸಾಂಬಾರ್ ತಾಗಿದ ಮೇಲೆ ಒಳ್ಳೆ ಪೇಪರ್ ಕೂಡ ರದ್ದಿಗೆ ಹೋಗುವುದಿಲ್ಲ. ಒಳಗೆ ಬೆಳ್ಳಿ ಬಣ್ಣದ ಪದರ ಇರುವ ಪ್ಯಾಕೆಟ್‌ಗಂತೂ ಗುಜರಿಯಲ್ಲಿ ಬೆಲೆಯೇ ಇಲ್ಲ, ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆ ಸೇರುತ್ತದೆ. ಶಾಲೆಯ ಕ್ಯಾಂಟೀನ್ ಅದನ್ನೇ ಮಾರುತ್ತಾ ಪರಿಸರ ದಿನ ಆಚರಿಸಿದರೆ ಏನು ಬಂತು?

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 5,000 ಚದರ ಮೀಟರ್‌ಗಿಂತ, ಅಂದರೆ ಸುಮಾರು ಒಂದೂಕಾಲು ಎಕರೆಗಿಂತ ದೊಡ್ಡ ಜಾಗ ಇರುವ ಸಂಸ್ಥೆಗಳು ತಮ್ಮ ಕಸವನ್ನು ತಾವೇ ಬೇರೆ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಹಸಿ ಕಸವನ್ನು ಆದಷ್ಟು ಆವರಣದೊಳಗೇ ಗೊಬ್ಬರ ಮಾಡಬೇಕು ಅಂತಲೂ ಇತ್ತು. ಬೆಂಗಳೂರಿನ ಕಸ ಹೊತ್ತು ಸಾಕಾಗಿ ನಗರದ ಹೊರಗಿನ ಮಂಡೂರು ಹಳ್ಳಿಯ ಜನ ಬೀದಿಗಿಳಿದಿದ್ದು ನೆನಪಿದೆ ಅಲ್ವಾ? ಆಮೇಲೆ ಮನೆಮನೆಗೂ ಎರಡು ಡಬ್ಬ (ಹಸಿ ಕಸಕ್ಕೊಂದು, ಸ್ಯಾನಿಟರಿ ಕಸಕ್ಕೊಂದು), ಒಣ ಕಸಕ್ಕೆ ಒಂದು ಚೀಲದ ಲೆಕ್ಕ ಬಂತು. ಎಕರೆಗಟ್ಟಲೆ ಕ್ಯಾಂಪಸ್ ಇಟ್ಟುಕೊಂಡು, ಲಕ್ಷಗಟ್ಟಲೆ ಫೀಸ್ ತಗೊಳ್ಳುವ ಶಾಲೆಗೆ ಮಾತ್ರ ಯಾಕೆ ರಿಯಾಯಿತಿ?

ಹಳ್ಳಿಯ ಸರ್ಕಾರಿ ಶಾಲೆ ಮಾತು ಬೇರೆ. ಎಷ್ಟೋ ಕಡೆ ಒಬ್ಬರೇ ಮೇಷ್ಟ್ರು. ಪಾಠ ಅವರೇ, ಬಿಸಿಯೂಟದ ಲೆಕ್ಕ ಅವರೇ. ಅವರ ತಲೆಗೆ ಇನ್ನೊಂದು ರಿಜಿಸ್ಟರ್ ಕಟ್ಟಬೇಡಿ. ಅಲ್ಲಿ ಕಡ್ಡಾಯ ಪಂಚಾಯಿತಿಗೆ ಇರಲಿ. ಒಣ ಕಸಕ್ಕೆ ಗಾಡಿ ತಪ್ಪದೆ ಬಂದರೆ ಕಾಂಪೌಂಡ್ ಹಿಂದೆ ಪ್ಲಾಸ್ಟಿಕ್ ಸುಡುವ ಅಗತ್ಯವೇ ಬರುವುದಿಲ್ಲ.

ಇನ್ನು ಜೂನ್ ತಿಂಗಳ ಕಥೆ. ಪುಸ್ತಕಕ್ಕೆ ಬ್ರೌನ್ ಶೀಟು, ಅದರ ಮೇಲೆ ಪ್ಲಾಸ್ಟಿಕ್ ಕವರು, ಹಾಕದಿದ್ದರೆ ಡೈರಿಯಲ್ಲಿ ನೋಟು. ಪೋಷಕರ ಸಭೆಗೆ ಹೋಗುವವರು ದಯವಿಟ್ಟು ಇದೊಂದನ್ನು ಕೇಳಿ: ಆ ಕವರ್ ಯಾಕೆ?